ಸ್ವಂತ ಕಟ್ಟಿದ ವಿಮಾನದ ಇಂಜೆಕ್ಷನ್ ಇಂಜಿನ್: ಗಾಳಿ ಅಳೆಯುವ ಸೆನ್ಸರ್ ಆರಿಸುವ ಸಮಗ್ರ ಮಾರ್ಗದರ್ಶಿ

ನೆಲದ ಮೇಲೆ ಇಂಜಿನ್ ಚೆನ್ನಾಗಿ ಓಡುತ್ತದೆ. ಆರೇಳು ಸಾವಿರ ಅಡಿ ಹತ್ತಿದ ಮೇಲೆ ಕೆಮ್ಮಲು ಶುರು ಮಾಡುತ್ತದೆ. ಆಗ ಹೆಚ್ಚಿನವರು ಮೊದಲು ಇಂಜೆಕ್ಟರ್ ಬದಲಾಯಿಸುತ್ತಾರೆ, ಆಮೇಲೆ ಇಂಧನ ಪಂಪ್, ಕೊನೆಗೆ ಪ್ಲಗ್ಗು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಬಹಳಷ್ಟು ಸಲ ತೊಂದರೆ ಇರುವುದು ಗಾಳಿ ಅಳೆಯುವ ಕಡೆ.

ಇನ್ನೊಂದು ತಪ್ಪು ಕ್ರಮದ್ದು. ಮೊದಲು ಸೆನ್ಸರ್ ಕೊಂಡು, ಆಮೇಲೆ ಅದನ್ನು ಎಲ್ಲಿ ಕೂರಿಸೋಣ ಅಂತ ಯೋಚಿಸುತ್ತಾರೆ. ಮೊದಲು ಅಳೆಯುವ ವಿಧಾನ ಗೊತ್ತಾಗಬೇಕು. ಸೆನ್ಸರ್, ಹೋಸ್, ವೈರಿಂಗ್ ಎಲ್ಲ ಅದರ ಹಿಂದೆ ಬರುತ್ತವೆ.

ಪ್ರತಿ ಹಂತದಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಕೆಟ್ಟರೆ ಮಿಶ್ರಣ ಯಾವ ಕಡೆ ವಾಲುತ್ತದೆ, ರಿಚ್ (ಇಂಧನ ಜಾಸ್ತಿ) ಕಡೆಗೋ ಲೀನ್ (ಇಂಧನ ಕಡಿಮೆ) ಕಡೆಗೋ? ರಿಚ್ ಆದರೆ ಇಂಜಿನ್ ಒರಟಾಗುತ್ತದೆ, ಶಕ್ತಿ ಇಳಿಯುತ್ತದೆ, ಸಾಮಾನ್ಯವಾಗಿ ವಾಪಸ್ ಬರಲು ಸಮಯ ಸಿಗುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಲೀನ್ ಆದರೆ ಡಿಟೊನೇಶನ್, ಅಂದರೆ ಸಿಲಿಂಡರ್ ಒಳಗೆ ಮಿಶ್ರಣ ಹತೋಟಿ ತಪ್ಪಿ ಸಿಡಿಯುವುದು, ಶುರುವಾಗಬಹುದು. ಅದು ಪಿಸ್ಟನ್ ತೂತು ಮಾಡಲು ಹೆಚ್ಚು ಹೊತ್ತು ಬೇಕಿಲ್ಲ.

ಮೊದಲು ಕೈಗೆ ಬೇಕಾದ ಸಾಮಾನು

ಇಸಿಯು (ಇಂಧನ ಎಷ್ಟು ಅಂತ ಲೆಕ್ಕ ಹಾಕುವ ಇಂಜಿನ್ ಕಂಪ್ಯೂಟರ್) ಜೊತೆ ಮಾತಾಡಿ ಲಾಗ್ ಇಳಿಸಿಕೊಳ್ಳುವ ಲ್ಯಾಪ್‌ಟಾಪ್, ಒಂದು ಮಲ್ಟಿಮೀಟರ್, ಗೇಜ್ ಇರುವ ಕೈ ವ್ಯಾಕ್ಯೂಮ್ ಪಂಪ್, ನಂಬಬಹುದಾದ ಥರ್ಮಾಮೀಟರ್, ಸ್ವಲ್ಪ ಐಸು. ಒತ್ತಡ ಹೋಲಿಸಿ ನೋಡಲು ಎತ್ತರ ತೋರಿಸುವ ವಿಮಾನದ ಆಲ್ಟಿಮೀಟರ್ರೇ ಸಾಕು. ಸೆನ್ಸರ್‌ನ ಡೇಟಾಶೀಟ್ ಅಂತೂ ಇರಲೇಬೇಕು. ಡೇಟಾಶೀಟ್ ಸಿಗದ ಸೆನ್ಸರ್ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡಿ.

ಹಂತ 1: ಏನನ್ನು ಅಳೆಯುತ್ತಿದ್ದೀರಿ ಅಂತ ಖಚಿತ ಮಾಡಿಕೊಳ್ಳಿ

ಇಂಧನಕ್ಕೆ ಬೇಕಿರುವುದು ಗಾಳಿಯ ತೂಕದ ಲೆಕ್ಕ. ಎಷ್ಟು ಲೀಟರ್ ಗಾಳಿ ಅನ್ನುವುದು ಸಾಲದು. ಸಮುದ್ರಮಟ್ಟದಲ್ಲಿ, ಪ್ರಮಾಣಿತ ದಿನದಂದು, ಒತ್ತಡ 101.3 ಕಿಲೋಪಾಸ್ಕಲ್, ಉಷ್ಣತೆ 15 ಡಿಗ್ರಿ ಸೆಲ್ಸಿಯಸ್. ಆಗ ಒಂದು ಘನ ಮೀಟರ್ ಗಾಳಿ 1.225 ಕಿಲೋ ತೂಗುತ್ತದೆ. 8,000 ಅಡಿಯಲ್ಲಿ ಅದೇ ಒಂದು ಘನ ಮೀಟರ್ ಸುಮಾರು 0.96 ಕಿಲೋ ಮಾತ್ರ. ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿಯೇ ಹೋಯಿತು. ಕಾರು ಗಂಟೆಗಟ್ಟಲೆ ಬೆಟ್ಟ ಹತ್ತಿದರೆ ನೋಡುವ ಬದಲಾವಣೆಯನ್ನು ವಿಮಾನ ಕಾಲು ಗಂಟೆಯೊಳಗೆ ನೋಡಬಹುದು. ಕಾರಿನ ಸಾಮಾನನ್ನು ಹಾಗೇ ಎತ್ತಿ ತಂದು ಹಾಕಿದವರು ಎಡವುವುದು ಇಲ್ಲೇ.

ಹಂತ 2: ಅಳೆಯುವ ವಿಧಾನ ಆರಿಸಿ

ದಾರಿ ಮೂರಿವೆ.

ಮೊದಲನೆಯದು ಮಾಫ್, ಅಂದರೆ ಗಾಳಿಯ ತೂಕವನ್ನು ನೇರವಾಗಿ ಅಳೆಯುವ ಸೆನ್ಸರ್. ಬಿಸಿ ತಂತಿ ಅಥವಾ ಬಿಸಿ ಪದರವನ್ನು ಗಾಳಿ ಎಷ್ಟು ತಣಿಸುತ್ತದೆ ಅನ್ನುವುದರಿಂದ ಲೆಕ್ಕ ಸಿಗುತ್ತದೆ. ಎತ್ತರದ ತಿದ್ದುಪಡಿ ತಾನಾಗಿಯೇ ಆಗುತ್ತದೆ. ಕೇಳಲು ಇದೇ ಸರಿ ಅನ್ನಿಸುತ್ತದೆ ಅಲ್ವಾ? ಆದರೆ ವಿಮಾನದ ಕೌಲಿಂಗ್ (ಇಂಜಿನ್ ಮುಚ್ಚುವ ಕವಚ) ಒಳಗೆ ಅದಕ್ಕೆ ಬೇಕಾದ ನೇರ ಪೈಪಿನ ಜಾಗ ಸಿಗುವುದು ಕಷ್ಟ. ಫಿಲ್ಟರ್‌ಗೆ ಬಳಿದ ಎಣ್ಣೆ ಜಾಸ್ತಿಯಾದರೆ ತಂತಿಯ ಮೇಲೆ ಕೂರುತ್ತದೆ, ಓದು ತಪ್ಪುತ್ತದೆ. ನಾಲ್ಕೇ ಸಿಲಿಂಡರ್ ಇರುವ ದೊಡ್ಡ ಇಂಜಿನ್‌ನಲ್ಲಿ ಗಾಳಿ ಹಿಂದಕ್ಕೂ ಮುಂದಕ್ಕೂ ಬಡಿಯುತ್ತದೆ. ಹಿಂದಕ್ಕೆ ಹೋದ ಗಾಳಿಯನ್ನು ಸಾದಾ ಬಿಸಿ ತಂತಿ ಮತ್ತೊಮ್ಮೆ ಎಣಿಸಿಬಿಡುತ್ತದೆ. ಅಳತೆಯ ವ್ಯಾಪ್ತಿಯೂ ಸಾಲದೇ ಹೋಗಬಹುದು. 5.24 ಲೀಟರ್‌ನ ಲೈಕಮಿಂಗ್ ಓ-320 ತೆಗೆದುಕೊಳ್ಳಿ. 2,700 ಆರ್‌ಪಿಎಂನಲ್ಲಿ ಸಿಲಿಂಡರ್ 85 ಶೇಕಡ ತುಂಬುತ್ತದೆ ಅಂದುಕೊಂಡರೆ ಗಂಟೆಗೆ ಸುಮಾರು 440 ಕಿಲೋ ಗಾಳಿ ಬೇಕು. ಸಣ್ಣ ಕಾರಿನ ಮಾಫ್ ಅಷ್ಟು ಹೊತ್ತಿಗೆ ಮೇಲ್ಮಿತಿಗೆ ಅಂಟಿಕೊಂಡಿರಬಹುದು.

ಎಲ್ಲಕ್ಕಿಂತ ಅಪಾಯದ್ದು ಆಲ್ಟರ್ನೇಟ್ ಏರ್ ಬಾಗಿಲು. ಫಿಲ್ಟರ್ ಮೇಲೆ ಹಿಮ ಕಟ್ಟಿದಾಗ ಈ ಬಾಗಿಲು ತೆರೆದು ಕೌಲಿಂಗ್ ಒಳಗಿನ ಗಾಳಿಯನ್ನು ಬಿಡುತ್ತದೆ. ಅದು ಮಾಫ್ ಮತ್ತು ಥ್ರಾಟಲ್ ನಡುವೆ ಇದ್ದರೆ ಆ ಗಾಳಿ ಅಳತೆಗೇ ಸಿಗುವುದಿಲ್ಲ. ಅಂದರೆ ಹಿಮದಿಂದ ಇಂಜಿನ್ ಕಾಪಾಡಲು ಇಟ್ಟ ಬಾಗಿಲೇ ಇಂಜಿನ್ ಅನ್ನು ಲೀನ್ ಮಾಡುತ್ತದೆ. ಮಾಫ್ ಹಾಕಲೇಬೇಕು ಅನ್ನುವವರು ಈ ಬಾಗಿಲನ್ನು ಮಾಫ್‌ಗಿಂತ ಮೊದಲೇ ಇಡಬೇಕು.

ಎರಡನೆಯದು ಆಲ್ಫಾ-ಎನ್. ಥ್ರಾಟಲ್ ಎಷ್ಟು ತೆರೆದಿದೆ, ಆರ್‌ಪಿಎಂ ಎಷ್ಟು ಅನ್ನುವ ಎರಡೇ ಮಾಹಿತಿಯಿಂದ ಗಾಳಿಯನ್ನು ಊಹಿಸುವ ವಿಧಾನ. ಪ್ರತಿ ಸಿಲಿಂಡರ್‌ಗೂ ಬೇರೆ ಥ್ರಾಟಲ್ ಇದ್ದಾಗ ಉಪಯೋಗಕ್ಕೆ ಬರುತ್ತದೆ. ಆದರೆ ಎತ್ತರದ ಬಗ್ಗೆ ಇದಕ್ಕೆ ಏನೂ ಗೊತ್ತಿಲ್ಲ. ಹೊರಗಿನ ಒತ್ತಡ ಅಳೆಯುವ ಸೆನ್ಸರ್ ಇಲ್ಲದೆ ಇದನ್ನು ಹಾರಿಸಬೇಡಿ. ಫಿಲ್ಟರ್ ಕಟ್ಟಿದರೂ, ಥ್ರಾಟಲ್ ತಟ್ಟೆಯ ಮೇಲೆ ಹಿಮ ಕೂತರೂ ಇದಕ್ಕೆ ತಿಳಿಯುವುದಿಲ್ಲ. ಗಾಳಿ ಕಡಿಮೆ, ಇಂಧನ ಅಷ್ಟೇ, ಹಾಗಾಗಿ ರಿಚ್ ಕಡೆ ವಾಲುತ್ತದೆ.

ಮೂರನೆಯದು ಸ್ಪೀಡ್-ಡೆನ್ಸಿಟಿ. ಮ್ಯಾನಿಫೋಲ್ಡ್ (ಥ್ರಾಟಲ್ ದಾಟಿದ ಗಾಳಿಯನ್ನು ಸಿಲಿಂಡರ್‌ಗಳಿಗೆ ಒಯ್ಯುವ ಕೊಳವೆ) ಒಳಗಿನ ಒತ್ತಡ, ಗಾಳಿಯ ಉಷ್ಣತೆ, ಆರ್‌ಪಿಎಂ ಮತ್ತು ಇಂಜಿನ್‌ನ ವಿಇ ಕೋಷ್ಟಕ (ಸಿಲಿಂಡರ್ ಎಷ್ಟು ಶೇಕಡ ತುಂಬುತ್ತದೆ ಅನ್ನುವ ಪಟ್ಟಿ) ಸೇರಿಸಿ ತೂಕ ಲೆಕ್ಕ ಹಾಕುತ್ತದೆ. ಸೆನ್ಸರ್ ಚಿಕ್ಕದು, ಗಾಳಿಯ ದಾರಿಗೆ ಅಡ್ಡ ಬರುವುದಿಲ್ಲ, ಎರಡು ಹಾಕುವುದು ಸುಲಭ. ಆಲ್ಟರ್ನೇಟ್ ಏರ್ ಬಾಗಿಲು ಎಲ್ಲೇ ಇದ್ದರೂ ಲೆಕ್ಕ ತಪ್ಪುವುದಿಲ್ಲ.

ನನ್ನ ಸಲಹೆ ಸರಳ. ಸ್ಪೀಡ್-ಡೆನ್ಸಿಟಿ ಮುಖ್ಯ ವಿಧಾನವಾಗಿರಲಿ, ಆಲ್ಫಾ-ಎನ್ ಆಪತ್ತಿಗೆ ಇರಲಿ. ಮುಂದಿನ ಹಂತಗಳೆಲ್ಲ ಈ ಜೋಡಿಯನ್ನು ಇಟ್ಟುಕೊಂಡೇ ಬರೆದಿದ್ದೇನೆ.

ಹಂತ 3: ಮ್ಯಾಪ್ ಸೆನ್ಸರ್‌ನ ವ್ಯಾಪ್ತಿ ಆರಿಸಿ

ಮ್ಯಾಪ್ ಅಂದರೆ ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್. ಅದು ನಿರ್ವಾತಕ್ಕೆ ಹೋಲಿಸಿ ಅಳೆಯುವಂಥದ್ದೇ ಆಗಬೇಕು. ಹೊರಗಿನ ಗಾಳಿಗೆ ಹೋಲಿಸಿ ಅಳೆಯುವ ಗೇಜ್ ಅಥವಾ ಡಿಫರೆನ್ಶಿಯಲ್ ಮಾದರಿಗೆ ಎತ್ತರ ಗೊತ್ತಾಗುವುದಿಲ್ಲ. ಎಂಪಿಎಕ್ಸ್ 4250 ಅನ್ನುವ ಹೆಸರಿನಲ್ಲೇ ಎರಡೂ ಬಗೆ ಸಿಗುತ್ತವೆ. ಕೊನೆಗೆ ‘ಎ’ ಇದ್ದರೆ ನಿಮಗೆ ಬೇಕಾದದ್ದು, ‘ಡಿ’ ಇದ್ದರೆ ಬೇಡ. ಒಂದಕ್ಷರ ಓದದೆ ತರಿಸಿಕೊಂಡವರು ಕಡಿಮೆಯೇನಿಲ್ಲ.

ಟರ್ಬೋ ಇಲ್ಲದ ಇಂಜಿನ್‌ಗೆ 15 ರಿಂದ 115 ಕಿಲೋಪಾಸ್ಕಲ್ ಓದುವ ಸೆನ್ಸರ್ ಸರಿಹೊಂದುತ್ತದೆ. ಮುಂದೊಂದು ದಿನ ಟರ್ಬೋ ಹಾಕಿದರೆ ಇರಲಿ ಅಂತ 250ರ ಸೆನ್ಸರ್ ಹಾಕಬೇಡಿ. ಯಾಕೆ ಅಂತ ನೋಡಿ. 115ರ ಎಂಪಿಎಕ್ಸ್ 4115 ಪ್ರತಿ ಕಿಲೋಪಾಸ್ಕಲ್‌ಗೆ 45 ಮಿಲಿವೋಲ್ಟ್ ಬದಲಾಗುತ್ತದೆ. 250ರ ಎಂಪಿಎಕ್ಸ್ 4250ಎ ಬರೀ 20 ಮಿಲಿವೋಲ್ಟ್. ದೋಷದ ಮಿತಿ ವ್ಯಾಪ್ತಿಯ 1.5 ಶೇಕಡ ಅಂತ ಇದ್ದರೆ ಮೊದಲನೆಯದರಲ್ಲಿ ಅದು 1.5 ಕಿಲೋಪಾಸ್ಕಲ್, ಎರಡನೆಯದರಲ್ಲಿ ಸುಮಾರು 3.5. ಹತ್ತು ಸಾವಿರ ಅಡಿಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೂ ಮ್ಯಾನಿಫೋಲ್ಡ್‌ನಲ್ಲಿ ಇರುವುದು 68ರ ಆಸುಪಾಸು. ಅದರಲ್ಲಿ 3.5 ಅಂದರೆ 5 ಶೇಕಡ. ಕ್ರೂಸ್‌ನಲ್ಲಿ ಲೀನ್ ಮಾಡಿ ಓಡಿಸುವವರಿಗೆ ಇದು ಸಣ್ಣ ಸಂಖ್ಯೆಯಲ್ಲ.

ಹಾಗಂತ 105ಕ್ಕೇ ನಿಲ್ಲುವ ಸೆನ್ಸರ್ ಕೂಡ ಬಿಗಿಯಾಗುತ್ತದೆ. ಹೊರಗಿನ ಒತ್ತಡವೇ 104 ಇರುವ ದಿನ, ಎದುರು ಗಾಳಿ ಇಂಜಿನ್‌ನ ಗಾಳಿಬಾಯಿಗೆ ಹೊಡೆದು ಇನ್ನೂ ಒಂದೂವರೆ ಸೇರಿದರೆ ಸೆನ್ಸರ್ ಮೇಲ್ಮಿತಿಗೆ ತಾಗುತ್ತದೆ. ಅದರ ಮೇಲಿನ ಗಾಳಿ ಲೆಕ್ಕಕ್ಕಿಲ್ಲ. ವಾಲುವುದು ಲೀನ್ ಕಡೆ, ಅದೂ ಟೇಕಾಫ್‌ನಲ್ಲಿ.

ಟರ್ಬೋ ಇದ್ದರೆ ಗೇಜಿನ ಅಂಕಿಯನ್ನು ಬದಲಾಯಿಸಿ ನೋಡಿ. ಒಂದು ಇಂಚು ಪಾದರಸ ಅಂದರೆ 3.386 ಕಿಲೋಪಾಸ್ಕಲ್. 40 ಇಂಚಿಗೆ 135 ಆಯಿತು. ಒತ್ತಡ ಮಿತಿಮೀರಿದರೂ ಕಾಣಿಸುವಷ್ಟು ಜಾಗ ಮೇಲೆ ಇರಲಿ. ಇಲ್ಲಿ 200 ಅಥವಾ 250ರ ಸೆನ್ಸರ್ ಬೇಕೇ ಬೇಕು.

ಇನ್ನೊಂದು ಮಾತು. ಬೋರ್ಡಿಗೆ ಬೆಸೆಯುವ ಬರಿಯ ಚಿಪ್ಪುಗಳು ಒಣ ಗಾಳಿಗೆಂದು ಮಾಡಿದವು. ಇಂಧನದ ಆವಿ ಅವುಗಳಿಗೆ ಆಗಿಬರುವುದಿಲ್ಲ. ಇಂಜಿನ್ ಕಡೆ ಕೂರಿಸುವುದಾದರೆ ಸೀಲ್ ಆದ ದೇಹ, ಲಾಕ್ ಆಗುವ ಕನೆಕ್ಟರ್ ಇರುವ ವಾಹನದ ಮ್ಯಾಪ್ ಸೆನ್ಸರ್ ತೆಗೆದುಕೊಳ್ಳಿ.

ಹಂತ 4: ಹೊರಗಿನ ಒತ್ತಡಕ್ಕೆ ಬೇರೆಯೇ ಸೆನ್ಸರ್ ಹಾಕಿ

ಬಹಳ ಜನ ಬಿಟ್ಟುಬಿಡುವುದು ಇದನ್ನೇ. ವಾಹನಗಳಿಗೆಂದು ಮಾಡಿದ ಕೆಲವು ಇಸಿಯುಗಳು ಸ್ವಿಚ್ ಹಾಕಿದ ಕ್ಷಣದಲ್ಲಿ, ಇಂಜಿನ್ ತಿರುಗುವ ಮೊದಲು, ಮ್ಯಾಪ್ ಸೆನ್ಸರ್ ಓದಿ ‘ಇದೇ ಹೊರಗಿನ ಒತ್ತಡ’ ಅಂತ ಇಟ್ಟುಕೊಳ್ಳುತ್ತವೆ. ಆಮೇಲೆ ನೀವು ಎಷ್ಟೇ ಮೇಲೇರಿದರೂ ಅವುಗಳಿಗೆ ವಿಮಾನ ಇನ್ನೂ ರನ್‌ವೇ ಮೇಲೇ ಇದೆ.

ಇದಕ್ಕಿಂತ ಕೆಟ್ಟದ್ದು, ಹಾರಾಟದ ನಡುವೆ ಇಸಿಯು ಒಮ್ಮೆ ಸತ್ತು ಎದ್ದರೆ ಆಗುವುದು. 8,000 ಅಡಿಯಲ್ಲಿ ಹೊರಗೆ 75 ಕಿಲೋಪಾಸ್ಕಲ್ ಇದೆ, ಥ್ರಾಟಲ್ ಅರ್ಧ ಮುಚ್ಚಿದ್ದರಿಂದ ಮ್ಯಾನಿಫೋಲ್ಡ್‌ನಲ್ಲಿ 60 ಇದೆ ಅಂದುಕೊಳ್ಳಿ. ಪ್ರೊಪೆಲ್ಲರ್ ತಿರುಗುತ್ತಲೇ ಇದೆ. ಎದ್ದ ಇಸಿಯು 60ನ್ನೇ ಹೊರಗಿನ ಒತ್ತಡ ಅಂದುಕೊಳ್ಳುತ್ತದೆ, ಅಂದರೆ ಸುಮಾರು 14 ಸಾವಿರ ಅಡಿ. ಆಲ್ಫಾ-ಎನ್‌ನಲ್ಲಿ ಓಡುತ್ತಿದ್ದರೆ ಇಂಧನ ಐದರಲ್ಲಿ ಒಂದು ಪಾಲು ಕಡಿಮೆಯಾಯಿತು. ಲೀನ್.

ಆದ್ದರಿಂದ ಸತತವಾಗಿ ಓದುವ ಪ್ರತ್ಯೇಕ ಬ್ಯಾರೋ (ಹೊರಗಿನ ಒತ್ತಡದ) ಸೆನ್ಸರ್ ಇರಲಿ. ಇಸಿಯು ಇದಕ್ಕೆ ಅವಕಾಶ ಕೊಡುತ್ತದೋ ಇಲ್ಲವೋ ಅಂತ ಕೊಳ್ಳುವ ಮೊದಲೇ ನೋಡಿಕೊಳ್ಳಿ. ಸ್ಪೀಡ್-ಡೆನ್ಸಿಟಿಗೂ ಇದು ದಂಡವಲ್ಲ. ಎತ್ತರಕ್ಕೆ ಹೋದಂತೆ ಎಕ್ಸಾಸ್ಟ್ ಬಾಯಲ್ಲಿ ಎದುರೊತ್ತಡ ಇಳಿಯುತ್ತದೆ. ಮ್ಯಾಪ್ ಅಷ್ಟೇ ಇದ್ದರೂ ಸಿಲಿಂಡರ್ ಸ್ವಲ್ಪ ಜಾಸ್ತಿ ತುಂಬುತ್ತದೆ. ಆ ಸಣ್ಣ ತಿದ್ದುಪಡಿಗೂ ಬ್ಯಾರೋ ಬೇಕು.

ಅದನ್ನು ಇಡುವ ಜಾಗ ಕ್ಯಾಬಿನ್ ಒಳಗೆ, ಪ್ಯಾನೆಲ್ ಹಿಂದೆ. ಗಾಳಿ ನೇರವಾಗಿ ಹೊಡೆಯುವ ಕಡೆ ಬಾಯಿ ಇರಬಾರದು. 100 ನಾಟ್ ವೇಗದಲ್ಲಿ ಎದುರು ಗಾಳಿಯ ಒತ್ತಡವೇ 1.6 ಕಿಲೋಪಾಸ್ಕಲ್ ಆಗುತ್ತದೆ. ಮತ್ತೆ ಒಂದು ಎಚ್ಚರಿಕೆ: ಸುಲಭ ಅಂತ ವಿಮಾನದ ಸ್ಟ್ಯಾಟಿಕ್ ಪೈಪಿಗೆ (ಮೀಟರ್‌ಗಳಿಗೆ ಹೊರಗಿನ ಒತ್ತಡ ತರುವ ಪೈಪು) ಟೀ ಕವಲು ಹಾಕಬೇಡಿ. ಆ ಜೋಡಣೆ ಸೋರಿದರೆ ಆಲ್ಟಿಮೀಟರ್ ಮತ್ತು ವೇಗದ ಮೀಟರ್ ಎರಡೂ ಸುಳ್ಳು ಹೇಳುತ್ತವೆ.

ಹಂತ 5: ಗಾಳಿಯ ಉಷ್ಣತೆಯ ಸೆನ್ಸರ್

10 ಡಿಗ್ರಿ ತಪ್ಪಿದರೆ ಗಾಳಿಯ ಲೆಕ್ಕ ಸುಮಾರು 3.5 ಶೇಕಡ ತಪ್ಪುತ್ತದೆ. ಆದ್ದರಿಂದ ಐಎಟಿ, ಅಂದರೆ ಒಳಬರುವ ಗಾಳಿಯ ಉಷ್ಣತೆಯ ಸೆನ್ಸರ್ ಆರಿಸುವಾಗ ಎರಡು ವಿಷಯ ನೋಡಿ: ಎಷ್ಟು ಬೇಗ ಓದುತ್ತದೆ, ಎಲ್ಲಿ ಕೂರುತ್ತದೆ.

ಲೋಹದ ಟೋಪಿಯೊಳಗೆ ಮುಚ್ಚಿದ್ದು ನಿಧಾನ. ಅದು ನೀರಿನ ಅಥವಾ ಎಣ್ಣೆಯ ಉಷ್ಣತೆಗೆ ಮಾಡಿದ್ದು. ಪ್ಲಾಸ್ಟಿಕ್ ಪಂಜರದೊಳಗೆ ಮಣಿಯಂಥ ಅಂಶ ಬಯಲಾಗಿ ಕಾಣುವುದನ್ನೇ ತೆಗೆದುಕೊಳ್ಳಿ. ಕೊಂಡ ಮೇಲೆ ಅದರ ಪ್ರತಿರೋಧದ ಕೋಷ್ಟಕವನ್ನು ಇಸಿಯುಗೆ ತುಂಬಲೇಬೇಕು. ಬಾಷ್‌ನ ಮಾಮೂಲಿ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2.5 ಕಿಲೋಓಮ್ ತೋರಿಸುತ್ತದೆ. ಬೇರೆ ತಯಾರಕರದ್ದು ಬೇರೆ ಇರುತ್ತದೆ. ಕನೆಕ್ಟರ್ ಕೂತಿತು ಅಂದ ಮಾತ್ರಕ್ಕೆ ಕೋಷ್ಟಕ ಒಂದೇ ಅಂತಲ್ಲ.

ಇನ್ನು ಜಾಗ. ಓ-320, ಓ-360 ತರಹದ ಲೈಕಮಿಂಗ್‌ಗಳಲ್ಲಿ ಒಳಬರುವ ಗಾಳಿ ಎಣ್ಣೆಯ ಸಂಪ್ ಮೂಲಕ ಹಾದುಹೋಗುತ್ತದೆ. ಬಿಸಿ ಎಣ್ಣೆ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಥ್ರಾಟಲ್‌ಗಿಂತ ಮೊದಲು ಸೆನ್ಸರ್ ಇಟ್ಟರೆ ಅದು ಓದುವುದು ತಣ್ಣಗಿನ ಗಾಳಿ, ಸಿಲಿಂಡರ್‌ಗೆ ಹೋಗುವುದು ಬಿಸಿ ಗಾಳಿ. ಈ ವ್ಯತ್ಯಾಸವನ್ನು ವಿಇ ಕೋಷ್ಟಕ ನುಂಗಿಕೊಳ್ಳಬಹುದು, ಆದರೆ ಎಣ್ಣೆಯ ಉಷ್ಣತೆ ಬದಲಾದಾಗಲೆಲ್ಲ ಅದು ಅಲ್ಲಾಡುತ್ತದೆ. ಟರ್ಬೋ ಇದ್ದರೆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದಾಟಿದ ಮೇಲೆ ಇಡಬೇಕು, ಅದರಲ್ಲಿ ಎರಡನೇ ಮಾತಿಲ್ಲ.

ಎಲ್ಲರೂ ಬೀಳುವ ಗುಂಡಿ ಇನ್ನೊಂದಿದೆ. ಇಳಿದು, ಇಂಜಿನ್ ನಿಲ್ಲಿಸಿ, ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಹೊರಡುತ್ತೀರಿ. ಅಷ್ಟರಲ್ಲಿ ಕೌಲಿಂಗ್ ಒಳಗೆ ಕಾವು ಕೂತು ಸೆನ್ಸರ್ ದೇಹವೇ 70 ಡಿಗ್ರಿಗೆ ಬಂದಿರುತ್ತದೆ. ಗಾಳಿ 30 ಡಿಗ್ರಿಯದ್ದೇ. ಇಸಿಯು ಮಾತ್ರ ಬಿಸಿ ಗಾಳಿ ಅಂದುಕೊಂಡು ಸುಮಾರು 12 ಶೇಕಡ ಇಂಧನ ಕಡಿಮೆ ಕೊಡುತ್ತದೆ. ಸೆನ್ಸರ್ ತಣಿಯುವ ಮೊದಲೇ ಪೂರ್ತಿ ಥ್ರಾಟಲ್ ಕೊಟ್ಟರೆ ಟೇಕಾಫ್ ಲೀನ್‌ನಲ್ಲಿ ಶುರುವಾಗುತ್ತದೆ. ಪರಿಹಾರ: ಸೆನ್ಸರ್ ಅನ್ನು ಲೋಹಕ್ಕೆ ತಿರುಗಿಸಬೇಡಿ, ಪ್ಲಾಸ್ಟಿಕ್ ಅಥವಾ ರಬ್ಬರ್ ಡಕ್ಟ್‌ನಲ್ಲಿ ಕೂರಿಸಿ. ಪೂರ್ತಿ ಥ್ರಾಟಲ್ ಕೊಡುವ ಮೊದಲು ಐಎಟಿ ಓದು ಹೊರಗಿನ ಉಷ್ಣತೆಯ ಹತ್ತಿರ ಇಳಿದಿದೆಯೇ ನೋಡಿ. ಇದನ್ನು ಚೆಕ್‌ಲಿಸ್ಟ್‌ನಲ್ಲೇ ಬರೆದುಕೊಳ್ಳಿ.

ಹಂತ 6: ಮ್ಯಾಪ್ ಹೋಸ್ ಎಳೆಯುವುದು

ಒಮ್ಮೆ ಐಡಲ್‌ನಲ್ಲಿ ಸುಮ್ನೆ ತೂಗಾಡುತ್ತಿದ್ದ ಒಂದು ಇಂಜಿನ್‌ನ ಮುಂದೆ ಅರ್ಧ ದಿನ ಕಳೆದೆ. ಲಾಗ್‌ನಲ್ಲಿ ಮ್ಯಾಪ್ ಗೆರೆ ಸೋಮಾರಿಯಂತೆ ಏಳುತ್ತಿತ್ತು, ಇಳಿಯುತ್ತಿತ್ತು. ಕೊನೆಗೆ ಹೋಸ್ ಬಿಚ್ಚಿ ಬೆಳಕಿಗೆ ಹಿಡಿದರೆ, ಜೋತುಬಿದ್ದ ಜಾಗದಲ್ಲಿ ಬೆರಳುದ್ದ ಪೆಟ್ರೋಲ್ ನಿಂತಿತ್ತು. ಸೆನ್ಸರ್ ಇದ್ದದ್ದು ಮ್ಯಾನಿಫೋಲ್ಡ್‌ಗಿಂತ ಕೆಳಗೆ. ಸೆನ್ಸರ್ ಮೇಲೆತ್ತಿ ಹೋಸ್ ಗಿಡ್ಡ ಮಾಡಿದ ಮೇಲೆ ತೂಗಾಟ ನಿಂತಿತು.

ಅದರಿಂದ ಬಂದ ನಿಯಮಗಳು ಇವು. ಸೆನ್ಸರ್ ಯಾವಾಗಲೂ ಹೋಸ್ ಜೋಡಿಸಿದ ಮ್ಯಾನಿಫೋಲ್ಡ್ ರಂಧ್ರಕ್ಕಿಂತ ಮೇಲಿರಲಿ, ಹೋಸ್ ಒಂದೇ ಸಮ ಏರುತ್ತಾ ಹೋಗಲಿ. ರಂಧ್ರ ಥ್ರಾಟಲ್ ದಾಟಿದ ಮೇಲೆ, ಎಲ್ಲ ಸಿಲಿಂಡರ್‌ಗೂ ಸಾಮಾನ್ಯವಾದ ಜಾಗದಲ್ಲಿರಲಿ. ಸೆನ್ಸರ್ ಅನ್ನು ಇಂಜಿನ್ ಮೇಲಲ್ಲ, ಫೈರ್‌ವಾಲ್ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಮೇಲೆ ಕೂರಿಸಿ. ಕಂಪನ ಮತ್ತು ಕಾವು ಎರಡೂ ಕಡಿಮೆ. ಹೋಸ್ ಸ್ವಲ್ಪ ಉದ್ದವಾದರೂ ಪರವಾಗಿಲ್ಲ, ವಿಮಾನದಲ್ಲಿ ಕಾರಿನ ಹಾಗೆ ಥ್ರಾಟಲ್ ತಟಪಟ ಒತ್ತುವುದಿಲ್ಲ. ಒತ್ತಡ ಕುಣಿಯುತ್ತಿದ್ದರೆ ದಾರಿಯಲ್ಲಿ ಒಂದು ಮಿಲಿಮೀಟರ್‌ನಷ್ಟು ಸಣ್ಣ ತೂತಿನ ತಡೆ ಹಾಕಿ. ಬೇರೆ ಬೇರೆ ಥ್ರಾಟಲ್ ಇದ್ದರೆ ಪ್ರತಿಯೊಂದರಿಂದ ಒಂದು ಹೋಸ್ ತಂದು ಸಣ್ಣ ಡಬ್ಬಿಗೆ ಸೇರಿಸಿ, ಅಲ್ಲಿಂದ ಸೆನ್ಸರ್‌ಗೆ ಕೊಡಿ.

ಈ ಹೋಸ್‌ನಿಂದ ಇಂಧನ ಒತ್ತಡದ ರೆಗ್ಯುಲೇಟರ್‌ಗೋ ಪ್ಯಾನೆಲ್ ಗೇಜಿಗೋ ಕವಲು ಕೊಡಬೇಡಿ. ಒಂದು ಸೋರಿದರೆ ಎಲ್ಲವೂ ಕೆಡುತ್ತವೆ.

ಈಗ ನಮ್ಮ ಪ್ರಶ್ನೆ. ಹೋಸ್ ಕಳಚಿದರೆ? ಟರ್ಬೋ ಇಲ್ಲದ ಇಂಜಿನ್‌ನಲ್ಲಿ ಸೆನ್ಸರ್ ಹೊರಗಿನ ಒತ್ತಡ ಓದುತ್ತದೆ, ಅದು ಮ್ಯಾನಿಫೋಲ್ಡ್‌ಗಿಂತ ಜಾಸ್ತಿ, ರಿಚ್ ಆಗುತ್ತದೆ. ಟರ್ಬೋ ಒತ್ತುತ್ತಿರುವಾಗ ಕಳಚಿದರೆ ಉಲ್ಟಾ. ಹೊರಗಿನದು ಕಡಿಮೆ, ಇಂಧನ ಕಡಿಮೆ, ಇಂಜಿನ್ ಪೂರ್ತಿ ಶಕ್ತಿಯಲ್ಲಿ ಲೀನ್. ಒಂದೇ ಹೋಸ್, ಒಂದೇ ಕ್ಲಿಪ್, ಪರಿಣಾಮ ಮಾತ್ರ ಎರಡು ತರಹ. ಟರ್ಬೋದವರು ಎರಡೂ ತುದಿಗೆ ಕ್ಲಿಪ್ ಹಾಕದೆ ಕೌಲಿಂಗ್ ಮುಚ್ಚಬಾರದು.

ಹಂತ 7: ವೈರಿಂಗ್ ಮತ್ತು ಜೋಡಿ ಸೆನ್ಸರ್

ಸೆನ್ಸರ್‌ನ ನೆಗೆಟಿವ್ ವೈರನ್ನು ಇಂಜಿನ್ ಬಾಡಿಗೆ ಕಟ್ಟಬೇಡಿ. ಇಸಿಯುನಲ್ಲಿ ಸೆನ್ಸರ್ ಗ್ರೌಂಡ್ ಅಂತಲೇ ಪಿನ್ ಇರುತ್ತದೆ, ಅಲ್ಲಿಗೇ ಹೋಗಬೇಕು. 250ರ ಸೆನ್ಸರ್‌ನಲ್ಲಿ ಗ್ರೌಂಡ್ 60 ಮಿಲಿವೋಲ್ಟ್ ಏರಿದರೆ 3 ಕಿಲೋಪಾಸ್ಕಲ್ ಸುಳ್ಳು ಓದು ಬರುತ್ತದೆ. ಆಲ್ಟರ್ನೇಟರ್ ಲೋಡ್ ಹಾಕಿದಾಗ ಮಿಶ್ರಣ ಬದಲಾಗುತ್ತಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಎರಡು ಸೆನ್ಸರ್ ಹಾಕಿದ್ದೇನೆ ಅನ್ನುವವರು ಒಂದು ಸಲ ಲೆಕ್ಕ ಹಾಕಲಿ. ಎರಡೂ ಒಂದೇ ಹೋಸ್‌ನಿಂದ ಉಸಿರಾಡುತ್ತಿದ್ದರೆ ಅದು ಜೋಡಿಯಲ್ಲ. ಎರಡಕ್ಕೂ ಒಂದೇ 5 ವೋಲ್ಟ್ ವೈರ್ ಇದ್ದರೂ ಜೋಡಿಯಲ್ಲ. ಒಂದರ ವೈರ್ ಉಜ್ಜಿ ಶಾರ್ಟ್ ಆದರೆ 5 ವೋಲ್ಟ್ ಬಿದ್ದು ಎರಡೂ ಸಾಯುತ್ತವೆ. ಎರಡು ಇಸಿಯು ಇದ್ದರೆ ಪ್ರತಿಯೊಂದಕ್ಕೂ ತನ್ನದೇ ಮ್ಯಾಪ್, ತನ್ನದೇ ಐಎಟಿ, ತನ್ನದೇ ರಂಧ್ರ.

ಹಂತ 8: ನೆಲದ ಮೇಲೆ ಪರೀಕ್ಷೆ

ಇಂಜಿನ್ ನಿಂತಿರುವಾಗ ಸ್ವಿಚ್ ಹಾಕಿ. ಮ್ಯಾಪ್ ಮತ್ತು ಬ್ಯಾರೋ ಒಂದೇ ತೋರಿಸಬೇಕು. 1 ಕಿಲೋಪಾಸ್ಕಲ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮುಂದೆ ಹೋಗಬೇಡಿ.

ಆ ಅಂಕಿ ನಿಜವೇ ಅಂತ ನೋಡಲು ವಿಮಾನನಿಲ್ದಾಣ ಹೇಳುವ ಕ್ಯೂಎನ್‌ಎಚ್ ಜೊತೆ ಹೋಲಿಸಬೇಡಿ. ಅದು ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ ಒತ್ತಡ. 3,000 ಅಡಿ ಎತ್ತರದ ರನ್‌ವೇಯಲ್ಲಿ ಕ್ಯೂಎನ್‌ಎಚ್ 1013 ಇದ್ದರೂ ನಿಜವಾದ ಒತ್ತಡ 908 ಹೆಕ್ಟೋಪಾಸ್ಕಲ್, ಅಂದರೆ 90.8 ಕಿಲೋಪಾಸ್ಕಲ್. ಸರಿಯಾದ ಸೆನ್ಸರ್ ಅನ್ನು ಕೆಟ್ಟಿದೆ ಅಂತ ಎಸೆದವರು ಈ ತಪ್ಪು ಮಾಡಿದವರೇ. ಆಲ್ಟಿಮೀಟರ್ ಅನ್ನು 1013ಕ್ಕೆ ತಿರುಗಿಸಿ, ತೋರಿಸುವ ಎತ್ತರ ಓದಿ, ಕೆಳಗಿನ ಅಂಕಿಗೆ ಹೋಲಿಸಿ:

0 ಅಡಿ: 101.3 ಕಿಲೋಪಾಸ್ಕಲ್
2,000 ಅಡಿ: 94.2
4,000 ಅಡಿ: 87.5
6,000 ಅಡಿ: 81.2
8,000 ಅಡಿ: 75.3
10,000 ಅಡಿ: 69.7
12,000 ಅಡಿ: 64.4

ಆಮೇಲೆ ಮ್ಯಾನಿಫೋಲ್ಡ್ ತುದಿಯಲ್ಲಿ ಹೋಸ್ ಬಿಚ್ಚಿ ಕೈ ಪಂಪ್ ಜೋಡಿಸಿ. ಓದು 50ಕ್ಕೆ ಬರುವವರೆಗೆ ಎಳೆದು ಒಂದು ನಿಮಿಷ ಬಿಡಿ. ಅಂಕಿ ಏರುತ್ತಿದ್ದರೆ ಸೋರಿಕೆ ಇದೆ. ಐಎಟಿಯನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಐಸ್ ಕರಗುತ್ತಿರುವ ನೀರಿನಲ್ಲಿ ಇಟ್ಟು ಸೊನ್ನೆ ಬರುತ್ತದೆಯೇ ನೋಡಿ. ಬೆಚ್ಚಗಿನ ನೀರಿನಲ್ಲಿ ಥರ್ಮಾಮೀಟರ್ ಜೊತೆ ಇನ್ನೊಮ್ಮೆ ನೋಡಿ.

ಕೊನೆಗೆ ಕೆಡಿಸಿ ನೋಡುವ ಪರೀಕ್ಷೆ. ಇಂಜಿನ್ ನಿಂತಿರುವಾಗಲೇ ಮ್ಯಾಪ್ ಕನೆಕ್ಟರ್ ತೆಗೆಯಿರಿ. ಇಸಿಯು ಏನು ಓದುತ್ತದೆ, ಆಲ್ಫಾ-ಎನ್‌ಗೆ ಬದಲಾಗುತ್ತದೆಯೇ, ಪ್ಯಾನೆಲ್‌ನಲ್ಲಿ ದೀಪ ಹತ್ತುತ್ತದೆಯೇ ಬರೆದುಕೊಳ್ಳಿ. ಹಾಗೇ ಬಿಟ್ಟು ಕೌಲಿಂಗ್ ಮುಚ್ಚಿ, ವಿಮಾನ ಕಟ್ಟಿಹಾಕಿ, ಸ್ಟಾರ್ಟ್ ಮಾಡಿ ನೋಡಿ. ಐಎಟಿಗೂ ಬ್ಯಾರೋಗೂ ಹೀಗೇ. ಪ್ರೊಪೆಲ್ಲರ್ ತಿರುಗುತ್ತಿರುವಾಗ ಕನೆಕ್ಟರ್ ಎಳೆಯಲು ಕೌಲಿಂಗ್‌ಗೆ ಕೈ ಹಾಕುವುದು ಯಾವ ಕಾರಣಕ್ಕೂ ಬೇಡ.

ಹಂತ 9: ಮೊದಲ ಹಾರಾಟಗಳು, ಎಚ್ಚರಿಕೆಯ ಗುರುತುಗಳು

ಇಂಜಿನ್ ನಿಂತರೂ ರನ್‌ವೇಗೆ ತೇಲಿ ಇಳಿಯುವಷ್ಟು ಹತ್ತಿರ, ಅದರ ಮೇಲೇ ಸುತ್ತುತ್ತಾ ಏರಿ. ಪ್ರತಿ 2,000 ಅಡಿಗೆ ಒಮ್ಮೆ ಸಮತಟ್ಟಾಗಿ ಎರಡು ನಿಮಿಷ ಹಾರಿ ಲಾಗ್ ಹಿಡಿಯಿರಿ. ಬ್ಯಾರೋ ಅಂಕಿ ಮೇಲಿನ ಪಟ್ಟಿಯ ಹಾಗೆ ಇಳಿಯುತ್ತಾ ಬರಬೇಕು.

ಟರ್ಬೋ ಇಲ್ಲದ ಇಂಜಿನ್‌ನಲ್ಲಿ, ಪೂರ್ತಿ ಥ್ರಾಟಲ್‌ನಲ್ಲಿ, ಮ್ಯಾಪ್ ಯಾವಾಗಲೂ ಬ್ಯಾರೋದ ಆಸುಪಾಸಿನಲ್ಲೇ, ಸ್ವಲ್ಪ ಕೆಳಗೆ ಇರುತ್ತದೆ. ಮ್ಯಾಪ್ ಬ್ಯಾರೋಗಿಂತ ಎರಡಕ್ಕಿಂತ ಜಾಸ್ತಿ ಮೇಲೆ ಹೋದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ. ಥ್ರಾಟಲ್ ಮುಟ್ಟದೆಯೇ ಎರಡರ ನಡುವಿನ ಅಂತರ ಅಗಲವಾಗುತ್ತಾ ಹೋದರೆ ಫಿಲ್ಟರ್ ಕಟ್ಟುತ್ತಿದೆ ಅಥವಾ ಹಿಮ ಕೂರುತ್ತಿದೆ. ಥ್ರಾಟಲ್ ಆಡಿಸಿದರೂ ಮ್ಯಾಪ್ ಗೆರೆ ನೇರವಾಗಿದ್ದರೆ ಹೋಸ್ ಕಟ್ಟಿದೆ. ಆ ಕ್ಷಣವೇ ಆಪತ್ತಿನ ವಿಧಾನಕ್ಕೆ ಬದಲಿಸಿ ಇಳಿಯಿರಿ.

ಎಕ್ಸಾಸ್ಟ್‌ನಿಂದ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಒಂದನ್ನೇ ನಂಬಿ ತಿದ್ದಬೇಡಿ. 100ಎಲ್‌ಎಲ್ ಅನ್ನುವ ವಿಮಾನದ ಪೆಟ್ರೋಲ್‌ನಲ್ಲಿ ಸೀಸ ಇದೆ, ಅದು ಆ ಸೆನ್ಸರ್ ಅನ್ನು ನಿಧಾನವಾಗಿ ಕೊಲ್ಲುತ್ತದೆ. ಅದರ ಓದನ್ನು ಪ್ರತಿ ಸಿಲಿಂಡರ್‌ನ ಇಜಿಟಿ (ಎಕ್ಸಾಸ್ಟ್ ಅನಿಲದ ಉಷ್ಣತೆ) ಜೊತೆ ಹೋಲಿಸುತ್ತಾ ಹೋಗಿ.

ವಿಮಾನದಲ್ಲೇ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಪ್ರತಿ ದಿನದ ಮೊದಲ ಸ್ಟಾರ್ಟ್‌ಗೆ ಮುಂಚೆ ಮೂರು ಅಂಕಿ ಬರೆಯಿರಿ: ಮ್ಯಾಪ್, ಬ್ಯಾರೋ, ಐಎಟಿ. ಮ್ಯಾಪ್ ಮತ್ತು ಬ್ಯಾರೋ ದೂರ ಸರಿಯತೊಡಗಿದರೆ ಸೆನ್ಸರ್ ಬಿಚ್ಚುವ ಮುಂಚೆ ಕನೆಕ್ಟರ್ ಪಿನ್ ಮತ್ತು ಗ್ರೌಂಡ್ ನೋಡಿ. ತಣ್ಣಗಿನ ಇಂಜಿನ್‌ನಲ್ಲಿ ಐಎಟಿ ಹೊರಗಿನ ಥರ್ಮಾಮೀಟರ್‌ಗಿಂತ ನಾಲ್ಕೈದು ಡಿಗ್ರಿ ಆಚೀಚೆ ಇದ್ದರೆ ಆ ದಿನ ಕೌಲಿಂಗ್ ತೆಗೆಯಿರಿ.